ಮೋಟಾರು ಎಡೆಕುಂಟೆಗೆ ಎಷ್ಟು ಹಲ್ಲಿನ ಚಕ್ರ?

ಸೋಯಾಬೀನು ಬಿತ್ತಿದ ಹದಿನೈದು-ಇಪ್ಪತ್ತು ದಿನಕ್ಕೆ ಮೊದಲನೆಯ ಎಡೆ, ಮತ್ತೆ ಹದಿನೈದು ದಿನಕ್ಕೆ ಎರಡನೆಯ ಎಡೆ ಹೊಡೆಯಬೇಕೆಂಬುದು ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ರೈತ ಬಾಂಧವರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ. ಆದರೆ ಎರೆಹೊಲಕ್ಕೆ ಎರಡು ಮಳೆಗಳ ನಡುವೆ ಹದ ಬರುವುದು ಕೆಲವೇ ದಿನ. ದೇವಣಿ ಎತ್ತುಗಳ ತವರು ನಮ್ಮ ಸೀಮೆಯೇ ಆದರೂ, ಮೂರು-ನಾಲ್ಕು ಎಕರೆಯವನು ವರ್ಷವಿಡೀ ಜೋಡೆತ್ತು ಸಾಕುವುದು ಈಗ ಕಷ್ಟವಾಗಿದೆ. ಬಾಡಿಗೆಯ ಜೋಡಿ ದೊರೆಯುವಷ್ಟರಲ್ಲಿ ಹದ ಹೋಗಿರುತ್ತದೆ, ಕಳೆ ಸಾಲು ಮುಚ್ಚಿರುತ್ತದೆ.

ಆದುದರಿಂದಲೇ ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ನು ಕೂಡ್ರಿಸಿ, ಊರ ವೆಲ್ಡಿಂಗ್ ಅಂಗಡಿಯಲ್ಲಿ ಎಡೆಕುಂಟೆ ಕಟ್ಟಿಸುವ ಆಸೆ ಅನೇಕರಿಗೆ ಹುಟ್ಟಿದೆ. ಇದು ಹುಚ್ಚು ಆಸೆಯಲ್ಲ. ಗುಜರಾತದ ಅಮರೇಲಿ ಜಿಲ್ಲೆಯ ಮನಸುಖಭಾಈ ಜಗಾನಿಯವರು ೧೯೯೪ರಲ್ಲಿಯೇ ಬುಲೆಟ್ ಗಾಡಿಯ ಹಿಂದಿನ ಗಾಲಿಯನ್ನು ತೆಗೆದು, ಅಲ್ಲಿ ಎರಡು ಗಾಲಿಗಳ ಚೌಕಟ್ಟು ಜೋಡಿಸಿ, ಅದಕ್ಕೆ ಕುಂಟೆ ಕಟ್ಟಿ ಹೊಲ ಮಾಡಿ ತೋರಿಸಿದರು. ಆದರೆ ಕಟ್ಟುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಅದು ಚೈನಿನ ಚಕ್ರಗಳ ಹಲ್ಲಿನ ಲೆಕ್ಕದಲ್ಲಿ.

ನಾವೂ ಎಡವಿದೆವು. ನಮ್ಮ ಮೊದಲನೆಯ ಬಂಡಿಗೆ ಗಾಡಿಯಲ್ಲಿ ಇದ್ದ ಚಕ್ರಗಳನ್ನೇ, ಅಂದರೆ ಮುಂದೆ ೧೪, ಹಿಂದೆ ೪೨ ಹಲ್ಲಿನವನ್ನು ಹಾಕಿಸಿದೆವು. ಶಕ್ತಿ ಸಾಕಷ್ಟಿತ್ತು. ಆದರೆ ಬಂಡಿ ನಡೆಯುವ ಬದಲು ಓಡುತ್ತಿತ್ತು. ಸಾಲು ತಪ್ಪಬಾರದೆಂದು ಅರ್ಧ ಕ್ಲಚ್ ಹಿಡಿದೇ ಹೊಡೆದೆವು. ಮೂರನೆಯ ದಿನ ಕ್ಲಚ್ ಪ್ಲೇಟು ಸುಟ್ಟಿತು. ಹೊಸದು ತಂದು ಹಾಕುವಷ್ಟರಲ್ಲಿ ಮಳೆ ಹಿಡಿಯಿತು. ಆ ವರ್ಷ ಅರ್ಧ ಹೊಲದ ಕಳೆಯನ್ನು ಆಳು ಹಚ್ಚಿ ಕೀಳಿಸಬೇಕಾಯಿತು.

ಆಗ ತಿಳಿದದ್ದೇನೆಂದರೆ, ಲೆಕ್ಕವನ್ನು ಶಕ್ತಿಯಿಂದಲ್ಲ, ಎತ್ತಿನ ನಡಿಗೆಯಿಂದ ಆರಂಭಿಸಬೇಕು. ಸಾಲಿನ ನಡುವೆ ಕುಂಟೆ ಹಿಡಿದವನಿಗೆ ಗಂಟೆಗೆ ೩ ಕಿಲೋಮೀಟರ್, ಎಂದರೆ ನಿಮಿಷಕ್ಕೆ ೫೦ ಮೀಟರ್ ನಡಿಗೆ ಸರಿ. ೧೬ ಅಂಗುಲ ಅಡ್ಡಳತೆಯ ಕಬ್ಬಿಣದ ಗಾಲಿ ಒಂದು ಸುತ್ತಿಗೆ ಸುಮಾರು ೧.೨೭ ಮೀಟರ್ ಸಾಗುತ್ತದೆ. ಹಾಗಾದರೆ ಗಾಲಿ ನಿಮಿಷಕ್ಕೆ ೩೯ ಸುತ್ತು ತಿರುಗಬೇಕು. ನೂರು ಸಿ.ಸಿ. ಇಂಜಿನ್ನು ತೊಳಲದೆ ಹಿತವಾಗಿ ಎಳೆಯಲು ನಿಮಿಷಕ್ಕೆ ೩೦೦೦ ಸುತ್ತಾದರೂ ಬೇಕು. ೩೦೦೦ವನ್ನು ೩೯ರಿಂದ ಭಾಗಿಸಿದರೆ ೭೭. ಇಂಜಿನ್ನು ೭೭ ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗಬೇಕೆಂದಾಯಿತು.

ಇದರಲ್ಲಿ ಒಂದು ಭಾಗವನ್ನು ಇಂಜಿನ್ನಿನ ಹೊಟ್ಟೆಯೊಳಗಿನ ಗೇರುಗಳೇ ಮಾಡಿಕೊಡುತ್ತವೆ. ಎಷ್ಟೆಂದು ಯಾರ ಮಾತನ್ನೂ ನಂಬದೆ ನೀವೇ ಎಣಿಸಿರಿ. ಪ್ಲಗ್ ಬಿಚ್ಚಿ, ಮೊದಲನೆಯ ಗೇರಿಗೆ ಹಾಕಿ, ಮ್ಯಾಗ್ನೆಟ್ ಮುಚ್ಚಳ ತೆಗೆದು ಅದರ ನಟ್ಟನ್ನು ಪಾನಾದಿಂದ ತಿರುಗಿಸುತ್ತ ಹೋಗಿರಿ. ಚೈನಿನ ಚಿಕ್ಕ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಅದು ಒಂದು ಸುತ್ತು ಬರಲು ನಟ್ಟು ಎಷ್ಟು ಸುತ್ತಿತೆಂದು ನೋಡಿರಿ. ನಮ್ಮದರಲ್ಲಿ ೧೩ಕ್ಕೆ ಸಮೀಪ ಬಂದಿತು. ೭೭ನ್ನು ೧೩ರಿಂದ ಭಾಗಿಸಿದರೆ ಉಳಿಯುವುದು ೬ಕ್ಕೆ ತುಸು ಕಡಿಮೆ. ಹೊರಗಿನ ಚೈನು ಮಾಡಬೇಕಾದ ಕೆಲಸ ಅಷ್ಟು. ನಮ್ಮ ೧೪ಕ್ಕೆ ೪೨ ಮಾಡಿದ್ದು ೩ ಮಾತ್ರ. ಬಂಡಿ ಗಂಟೆಗೆ ೬ ಕಿಲೋಮೀಟರ್ ಓಡಿದ್ದು ಅದಕ್ಕೇ.

ಒಂದೇ ಚೈನಿನಲ್ಲಿ ೬ ಸಾಧಿಸಬೇಕಾದರೆ ೧೪ ಹಲ್ಲಿಗೆ ೮೪ ಹಲ್ಲಿನ ಚಕ್ರ ಬೇಕಾಗುತ್ತದೆ. ಅದರ ಅಡ್ಡಳತೆ ಒಂದಡಿಗಿಂತ ಹೆಚ್ಚಾಗಿ ನೆಲಕ್ಕೇ ತಾಗುವಂತಿರುತ್ತದೆ. ಆದುದರಿಂದ ನಡುವೆ ಬೇರಿಂಗುಗಳ ಮೇಲೆ ಒಂದು ದಂಡ ಕೂಡ್ರಿಸಿ ಎರಡು ಮೆಟ್ಟಿಲಲ್ಲಿ ಇಳಿಸಬೇಕು. ಮೊದಲ ಮೆಟ್ಟಿಲಿಗೆ ೧೪ಕ್ಕೆ ೪೨. ಎರಡನೆಯದಕ್ಕೆ ಒಂದಕ್ಕೆ ಎರಡು. ಎರಡನೆಯದಕ್ಕೆ ೧೪ಕ್ಕೆ ೨೮ ಹಾಕಿದರೂ ಲೆಕ್ಕ ಅದೇ, ೨೧ಕ್ಕೆ ೪೨ ಹಾಕಿದರೂ ಅದೇ. ಮೇಸ್ತ್ರಿಗಳು ಅಗ್ಗವೆಂದು ಚಿಕ್ಕವನ್ನೇ ಹಾಕುತ್ತಾರೆ. ಒಪ್ಪಬೇಡಿರಿ. ಎರಡನೆಯ ಚೈನಿನ ಮೇಲೆ ಬೀಳುವ ಜಗ್ಗು ಬಲು ಹೆಚ್ಚು. ಚಕ್ರ ದೊಡ್ಡದಾದರೆ ಅದೇ ಕೆಲಸಕ್ಕೆ ಆ ಜಗ್ಗು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ೪೨ ಹಲ್ಲಿನ ಚಕ್ರದ ಅಡ್ಡಳತೆ ಏಳು ಅಂಗುಲದೊಳಗೇ ಇರುವುದರಿಂದ ನೆಲದಿಂದ ನಾಲ್ಕು ಅಂಗುಲ ಮೇಲೆಯೇ ಉಳಿಯುತ್ತದೆ. ಮುಂದಿನ ಚಿಕ್ಕ ಚಕ್ರ ೧೪ರ ಬದಲು ೧೩ ಹಲ್ಲಿನದು ಸಿಕ್ಕರೆ ಇನ್ನೂ ಮೇಲು. ಚೈನಿನ ಕೊಂಡಿಗಳು ಸಾಮಾನ್ಯವಾಗಿ ಸಮಸಂಖ್ಯೆಯಲ್ಲಿರುತ್ತವೆ. ಹಲ್ಲು ಬೆಸವಾದರೆ ಪ್ರತಿ ಹಲ್ಲೂ ಎಲ್ಲ ಕೊಂಡಿಗಳನ್ನೂ ಸರದಿಯಂತೆ ಮುಟ್ಟುತ್ತದೆ, ಸವೆತ ಒಂದೇ ಕಡೆ ಬೀಳುವುದಿಲ್ಲ.

ಸೈಕಲ್ ಚೈನು ಹಾಕಲು ಬರುವುದೇ ಎಂದು ಕೆಲವರು ಕೇಳುತ್ತಾರೆ. ಕೊಂಡಿಯ ಅಂತರ ಎರಡರಲ್ಲಿಯೂ ಅರ್ಧ ಅಂಗುಲವೇ. ಆದರೆ ಸೈಕಲ್ ಚೈನಿನ ಒಳ ಅಗಲ ಕಡಿಮೆ. ಮೋಟಾರ್ ಸೈಕಲ್ಲಿನ ದಪ್ಪ ಹಲ್ಲು ಅದರಲ್ಲಿ ಇಳಿಯುವುದಿಲ್ಲ, ಇಳಿಯುವಂತೆ ಉಜ್ಜಿದರೂ ಆ ಚೈನು ತಡೆಯುವುದಿಲ್ಲ.

ಇಷ್ಟು ಮಾಡಿದ ಮೇಲೆ ಎಳೆಯುವ ಬಲ ಬೇಕಾದುದಕ್ಕಿಂತ ಹೆಚ್ಚೇ ಬರುತ್ತದೆ. ಗಾಲಿ ಜಾರಿ ತಿರುಗತೊಡಗಿದರೆ ಹಲ್ಲು ಬದಲಿಸಲು ಹೋಗಬೇಡಿರಿ. ಉಸುಕಿನ ಚೀಲವೊಂದನ್ನು ಗಾಲಿಯ ಮೇಲಿನ ಚೌಕಟ್ಟಿಗೆ ಕಟ್ಟಿರಿ. ರಸ್ತೆಯಲ್ಲಿ ಮನೆಗೆ ಮರಳಲು ಎರಡನೆಯ ಗೇರು ಸಾಕು, ಗಂಟೆಗೆ ೫ ಕಿಲೋಮೀಟರಿನ ಮೇಲೆ ನಡೆಯುತ್ತದೆ.

ಇನ್ನು ಬಿಸಿಯ ವಿಷಯ. ಮೋಟಾರ್ ಸೈಕಲ್ಲಿನ ಇಂಜಿನ್ನು ಓಡುವಾಗಿನ ಗಾಳಿಯಿಂದ ತಂಪಾಗುವಂಥದು. ಎತ್ತಿನ ನಡಿಗೆಯಲ್ಲಿ ಗಾಳಿ ಎಲ್ಲಿಯದು? ಮ್ಯಾಗ್ನೆಟ್ ಕಡೆಯಿಂದ ಫ್ಯಾನು ತಿರುಗಿಸಿ, ತಗಡಿನ ಹೊದಿಕೆಯಿಂದ ಗಾಳಿಯನ್ನು ಸಿಲಿಂಡರಿನ ಮೇಲೆ ಬಿಡುವ ಏರ್ಪಾಡು ಬೇಕೇ ಬೇಕು. ಹಳೆಯ ಚೇತಕ್ ಸ್ಕೂಟರಿನ ಇಂಜಿನ್ನಿಗೆ ಫ್ಯಾನು ತಾನಾಗಿಯೇ ಇದೆ ನಿಜ, ಆದರೆ ಅದರಲ್ಲಿ ಗಾಲಿ ನೇರವಾಗಿ ಗೇರಿಗೇ ಕೂಡುವುದರಿಂದ ಚೈನಿಗೆ ಎಡೆಯಿಲ್ಲ.

ಎರಡೂ ಚೈನುಗಳ ಮೇಲೆ ತಗಡಿನ ಮುಚ್ಚಳ ಹಾಕಿಸದೆ ಬಂಡಿಯನ್ನು ಅಂಗಡಿಯಿಂದ ತರಬೇಡಿರಿ. ಧೋತರದ ಚುಂಗು, ಸೀರೆಯ ಸೆರಗು, ಮಕ್ಕಳ ಬೆರಳು ಸಿಕ್ಕರೆ ಚೈನು ಬಿಡುವುದಿಲ್ಲ. ಎರೆಮಣ್ಣು ಎಣ್ಣೆಯೊಡನೆ ಸೇರಿದರೆ ಅರದಂತೆ ಹಲ್ಲನ್ನು ತಿನ್ನುವುದರಿಂದ, ಸಂಜೆ ಚೈನು ಒರೆಸಿ, ೯೦ ನಂಬರಿನ ಗೇರ್ ಎಣ್ಣೆ ಸವರಿ, ಹೆಚ್ಚಾದುದನ್ನು ಮತ್ತೆ ಒರೆಸಿಬಿಡಬೇಕು. ನಡುವೆ ಬೆರಳಿನಿಂದ ಒತ್ತಿದರೆ ಚೈನು ಒಂದು ಅಂಗುಲದಷ್ಟು ಆಡಬೇಕು. ಹೊಸ ಚೈನು ಮೊದಲ ಕೆಲವು ಗಂಟೆಗಳಲ್ಲಿಯೇ ಸಡಿಲಾಗುವುದರಿಂದ, ಬಿತ್ತುವ ಮುಂಚೆ ಖಾಲಿ ಹೊಲದಲ್ಲಿ ಒಂದು ದಿನ ಹೊಡೆದು ನೋಡಿ ಬಿಗಿ ಮಾಡಿಕೊಳ್ಳಿರಿ.