ಪ್ಲಗ್ಗು ಕಿತ್ತಿಟ್ಟ ಸಂಜೆಗಳು

ಅಜೆಕಾರಿನಲ್ಲಿ ಮೇ ತಿಂಗಳ ಗುಡುಗು ಮೊದಲು ಕೇಳುವುದು ಮೂಡು ದಿಕ್ಕಿನಿಂದ, ಘಟ್ಟದ ಕಡೆಯಿಂದ. ಅಂಗಳದ ಹಪ್ಪಳದ ಚಾಪೆ ಒಳಗೆ ಬರುವ ಹೊತ್ತಿಗೇ ಇನ್ನೊಂದು ಕೂಗು: ‘ಪ್ಲಗ್ ದೆಪ್ಪುಲೆ!’ ತುಳುವಿನಲ್ಲಿ, ಪ್ಲಗ್ ತೆಗೆಯಿರಿ ಅಂತ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಟಿ.ವಿ., ಫ್ರಿಜ್, ಮೋಡೆಮ್ ಎಂದು ಒಂದೊಂದನ್ನೇ ಕೀಳುತ್ತಾರೆ. ಕೇಬಲ್ ತಂತಿಯನ್ನೂ ಬಿಡಿಸಿ, ಎಲ್ಲವನ್ನೂ ಸುತ್ತಿ ಟಿ.ವಿ.ಯ ಪಕ್ಕ ಇಡುತ್ತಾರೆ.

ಸ್ವಿಚ್ ಆರಿಸಿದರೆ ಸಾಲದೇ ಎಂದು ಪೇಟೆಯಿಂದ ಬಂದವರು ಕೇಳುವುದುಂಟು. ಸಾಲದು. ಮನೆಯ ಸ್ವಿಚ್ಚು ಸಾಮಾನ್ಯವಾಗಿ ಫೇಸ್ ತಂತಿಯನ್ನಷ್ಟೇ ತುಂಡರಿಸುತ್ತದೆ, ನ್ಯೂಟ್ರಲ್ ಹಾಗೆಯೇ ಉಳಿಯುತ್ತದೆ. ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಅಂತರ ಸಿಡಿಲಿಗೆ ಯಾವ ಲೆಕ್ಕ? ಗುಡುಗು ನೆತ್ತಿಯ ಮೇಲೆ ಬಂದ ಮೇಲಂತೂ ಪ್ಲಗ್ಗಿಗೆ ಕೈ ಹಾಕಬಾರದು. ಮೊದಲ ಸದ್ದಿಗೇ ಇಷ್ಟು ಅವಸರ ಅದಕ್ಕಾಗಿ.

ಆಮೇಲೆ ಕರೆಂಟು ತಾನಾಗಿಯೇ ಹೋಗುತ್ತದೆ. ನಮ್ಮದೇ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಆದರೆ ನಮ್ಮ ಮನೆಗೆ ಬರುವ ತಂತಿ ಗುಡ್ಡ, ರಬ್ಬರ್, ಅಡಿಕೆ ತೋಟ ದಾಟಿ ಬರಬೇಕು. ಹಲಸಿನ ಒಂದು ಗೆಲ್ಲು ಬಿದ್ದರೆ ಮುಗಿಯಿತು. ಸುರಿವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗಳನ್ನು ನಾವು ನೆನೆಯುವುದು ಕಡಿಮೆಯೇ.

ಹಿಂದೆ ಅಂಥ ರಾತ್ರಿ ಲ್ಯಾಂಡ್‌ಲೈನ್ ಇರುತ್ತಿತ್ತು. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದಲೇ 48 ವೋಲ್ಟ್ ಹರಿದುಬರುತ್ತಿದ್ದರಿಂದ ಮನೆ ಕತ್ತಲಾದರೂ ಫೋನು ಬಡಿದುಕೊಳ್ಳುತ್ತಿತ್ತು. ಈಗಿನ ಫೈಬರ್‌ನಲ್ಲಿ ಬರುವುದು ಬೆಳಕು ಮಾತ್ರ. ಮೋಡೆಮ್‌ಗೆ ಮನೆಯ ಕರೆಂಟೇ ಬೇಕು. ಟವರಿನ ಬ್ಯಾಟರಿಯೂ ಇಳಿದರೆ, ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇರುವ ಒಂಟಿ ಮುದುಕರಿಗೆ ಬೆಳಗಾಗುವುದೇ ಇಲ್ಲ. ಹೋಂಸ್ಟೇಗೆ ಹೋಗಿ ಬೇಕೆಂದೇ ಫೋನ್ ಆರಿಸಿಡುವವರ ನೆಮ್ಮದಿಗೂ ಈ ಒಂಟಿತನಕ್ಕೂ ‘ಅನ್‌ಪ್ಲಗ್’ ಎಂಬ ಒಂದೇ ಹೆಸರಿಡಲು ನನಗೆ ಮನಸ್ಸು ಬರುವುದಿಲ್ಲ.

ಆದರೂ ಮಳೆಗಾಲದ ಒಂದು ಸುಖಕ್ಕೆ ಪ್ಲಗ್ಗೇ ಬೇಡ. ತುಳುವರ ಬೇಶ ತಿಂಗಳ ಹತ್ತರಂದು, ಮೇ 24ರ ಆಸುಪಾಸು, ಪತ್ತನಾಜೆ. ಯಕ್ಷಗಾನ ಮೇಳಗಳ ಗೆಜ್ಜೆ ಬಿಚ್ಚುವ ದಿನ. ಬಯಲಾಟದ ಮೈಕು, ಲೈಟುಗಳು ಮೂಲೆ ಸೇರುತ್ತವೆ. ಮಳೆ ಹಿಡಿದ ಮೇಲೆ ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಬರುತ್ತಾರೆ. ಒಬ್ಬರು ಭಾಗವತರು, ಮದ್ದಳೆ, ಶ್ರುತಿ, ಎರಡು ವೇಷ. ದೀಪದೆದುರು ಹದಿನೈದು–ಇಪ್ಪತ್ತು ನಿಮಿಷದ ಆಟ. ನಮ್ಮಲ್ಲಿಗೆ ಬರುವವರ ಬಳಿ ಮೈಕಿಲ್ಲ. ಭಾಗವತರು ಪದದ ನಡುವೆ ಉಸಿರೆಳೆದುಕೊಳ್ಳುವುದೂ ಚಾವಡಿಯಲ್ಲಿ ಕೂತವರಿಗೆ ಕೇಳುತ್ತದೆ. ಹಂಚಿನ ಮೇಲೆ ಮಳೆ ಜೋರಾದರೆ ಮದ್ದಳೆಯ ಪೆಟ್ಟೂ ಜೋರಾಗುತ್ತದೆ. ಸ್ತ್ರೀವೇಷ ಸುತ್ತು ಹಾಕುವಾಗ ನೆಲದ ಅದುರು ಅಂಗಾಲಿಗೆ ತಾಗುತ್ತದೆ. ಬಯಲಾಟದ ಕೊನೆಯ ಸಾಲಿನಲ್ಲಿ ಕೂತು ಎಷ್ಟೋ ರಾತ್ರಿ ನೋಡಿದ್ದೇನೆ, ವೇಷದ ಕಣ್ಣನ್ನು ಇಷ್ಟು ಹತ್ತಿರದಿಂದ ಕಂಡದ್ದು ಚಾವಡಿಯಲ್ಲೇ.

ಅಕ್ಕಿ, ತೆಂಗಿನಕಾಯಿ, ಕಾಣಿಕೆ ಪಡೆದು ಅವರು ಹೊರಡುತ್ತಾರೆ. ಗದ್ದೆಯ ಹುಣಿಯ ಮೇಲೆ ಗೆಜ್ಜೆಯ ಸದ್ದು ಸಣ್ಣದಾಗುತ್ತ ಹೋಗುತ್ತದೆ. ಆಚೆ ಮನೆಯ ನಾಯಿ ಬೊಗಳಿದಾಗ, ತಲುಪಿದರು ಎಂದು ಅಮ್ಮ ಬಾಗಿಲು ಹಾಕುತ್ತಾರೆ.