ಮೊದಲು ಅಳತೆ, ಆಮೇಲೆ ಆರ್ಡರ್

ವೀಣೆಯ ಮೆಟ್ಟಿಲುಗಳನ್ನು ಅಂಚೆಯಲ್ಲಿ ತರಿಸಿ ಹಾಕಿಕೊಂಡವರು ಇರಲಾರರು. ದಂಡಿಯ ಮೇಲೆ ಮೇಣ ಕಟ್ಟಿ, ಶ್ರುತಿ ನೋಡಿಕೊಳ್ಳುತ್ತ ಒಂದೊಂದು ಮೆಟ್ಟಿಲನ್ನೂ ಅದರದರ ಜಾಗದಲ್ಲಿ ಕೂರಿಸುವ ಕೆಲಸ ಅದು. ಜಾಗ ಯಾವುದೆಂದು ತೀರ್ಮಾನಿಸುವುದು ಹೀಗೆ ಮೇಳ ಕಟ್ಟುವವರ ಕಿವಿ. ಎಲೆಕ್ಟ್ರಿಕ್ ಗಿಟಾರಿನ ಕತೆ ಬೇರೆ. ಅದರ ನೆಕ್ ಅಮೆರಿಕದಿಂದ, ತಂತಿ ಬಿಗಿಯುವ ಕೀಗಳು ಜರ್ಮನಿಯಿಂದ, ಬ್ರಿಡ್ಜ್ ಕೊರಿಯಾದಿಂದ ಬಂದು ಒಂದೇ ವಾದ್ಯದಲ್ಲಿ ತಕರಾರಿಲ್ಲದೆ ಸೇರಿಕೊಳ್ಳಬಹುದು. ಗಿಟಾರಿನ ಮೆಟ್ಟಿಲುಗಳಾದ ಫ್ರೆಟ್‌ಗಳು ಲೆಕ್ಕದ ಪ್ರಕಾರ ಕೂತಿರುವುದೇ ಇದಕ್ಕೆ ಕಾರಣ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಜಾಗ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ 12ನೆಯದು ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನಲ್ಲಿ ತಂತಿಯ ಉದ್ದ 25.5 ಇಂಚು, ಅಂದರೆ ಸುಮಾರು 648 ಮಿಲಿಮೀಟರ್. ಮೊದಲ ಫ್ರೆಟ್ ತಂತಿಯ ಮೇಲ್ತುದಿಯಿಂದ 36.4 ಮಿಲಿಮೀಟರ್ ದೂರದಲ್ಲಿ. ಈ ಲೆಕ್ಕ ಕ್ಯಾಲಿಫೋರ್ನಿಯಾದಲ್ಲಿ ಒಂದು, ಚೀನಾದಲ್ಲಿ ಇನ್ನೊಂದು ಆಗುವುದಿಲ್ಲ. ಹಾಗಾಗಿ ದೂರದಿಂದ ಗಿಟಾರಿನ ಬಿಡಿಭಾಗ ತರಿಸುವವರು ನಿಜಕ್ಕೂ ದುಡ್ಡು ಕೊಡುವುದು ಒಂದು ಅಳತೆಗೆ. ಯಾವ ಭಾಗವನ್ನು ಅಳತೆಯಲ್ಲೇ ಪೂರ್ತಿ ಹೇಳಿ ಮುಗಿಸಬಹುದೋ ಅದನ್ನು ಧೈರ್ಯವಾಗಿ ತರಿಸಬಹುದು. ಕೈಗೆ ಸಿಕ್ಕಿದ ಮೇಲೆಯೇ ತಿಳಿಯುವಂಥದ್ದನ್ನು ತರಿಸುವ ಮುಂಚೆ ಎರಡು ಸಲ ಯೋಚಿಸಬೇಕು. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಈ ಎರಡನ್ನೂ ಬಿಟ್ಟು, ಪೊಟ್ಟಣದ ಮೇಲಿನ ಹೆಸರನ್ನು ನಂಬಿ.

ವಾದ್ಯವೊಂದು ಹೀಗೆ ಬಿಡಿಬಿಡಿಯಾಗಿ ಮಾರಾಟವಾಗುವಂತೆ ಆದದ್ದು ತಾನಾಗಿ ಅಲ್ಲ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ರೇಡಿಯೋದಲ್ಲಿ ಒಂದು ವಾಲ್ವ್ ಸುಟ್ಟರೆ ಅದನ್ನಷ್ಟೇ ಕಿತ್ತು ಬೇರೆ ಹಾಕುತ್ತಾರಲ್ಲವೇ? 1950ರಲ್ಲಿ ಅವರ ಕಾರ್ಖಾನೆಯಿಂದ ಹೊರಬಂದು, ಮರುವರ್ಷ ಟೆಲಿಕ್ಯಾಸ್ಟರ್ ಎಂದು ಹೆಸರಾದ ಗಿಟಾರಿನಲ್ಲಿ ಅದೇ ಬುದ್ಧಿ ಕಾಣುತ್ತದೆ. ಅದುವರೆಗೆ ಒಳ್ಳೆಯ ಗಿಟಾರ್ ಎಂದರೆ ನೆಕ್ಕನ್ನು ಅಂಟು ಹಾಕಿ ಜೋಡಿಸಿದ್ದು. ಅದನ್ನು ಬಿಡಿಸಬೇಕಾದರೆ ಹಬೆ ಹಿಡಿಸಬೇಕು, ನುರಿತ ಕೈ ಬೇಕು. ಫೆಂಡರ್ ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಫ್ರೆಟ್ ಸವೆದರೆ ನೆಕ್ಕನ್ನೇ ಬದಲಾಯಿಸಿದರಾಯಿತು. ವಾದ್ಯ ತಯಾರಕರು ಮೂಗು ಮುರಿದರೂ 1954ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರ್ ಕೂಡ ಅದೇ ದಾರಿ ಹಿಡಿಯಿತು. ಇನ್ನು ಅಂಚೆಯಲ್ಲಿ ತರಿಸುವ ಅಭ್ಯಾಸವಂತೂ ಆ ದೇಶದಲ್ಲಿ ಇನ್ನೂ ಹಳೆಯದು. ಸಿಯರ್ಸ್ ಕಂಪನಿಯ ದಪ್ಪ ಕ್ಯಾಟಲಾಗಿನಲ್ಲಿ ನೇಗಿಲು, ಹೊಲಿಗೆ ಯಂತ್ರಗಳ ಜೊತೆ ಗಿಟಾರೂ ಇರುತ್ತಿತ್ತು. 1913ರಲ್ಲಿ ಪಾರ್ಸೆಲ್ ಅಂಚೆ ಶುರುವಾದ ಮೇಲೆ ಹಳ್ಳಿಗಾಡಿನ ಮನೆಬಾಗಿಲಿಗೂ ಸಾಮಾನು ಬರತೊಡಗಿತು. ನಮ್ಮಲ್ಲಿ ವಿ.ಪಿ.ಪಿ.ಯಲ್ಲಿ ಪುಸ್ತಕ, ಕೈಗಡಿಯಾರ ತರಿಸಿಕೊಂಡ ತಲೆಮಾರಿಗೆ ಈ ಕಾಯುವಿಕೆಯ ಸುಖದುಃಖ ವಿವರಿಸಬೇಕಿಲ್ಲ.

ಬಿಡಿಭಾಗಗಳದ್ದೇ ಒಂದು ವ್ಯಾಪಾರವಾಗಿ ಬೆಳೆದದ್ದು 1970ರ ದಶಕದಲ್ಲಿ. ಒಹಾಯೋ ರಾಜ್ಯದ ಅಥೆನ್ಸ್ ಊರಿನ ಸ್ಟುವರ್ಟ್-ಮ್ಯಾಕ್‌ಡೊನಾಲ್ಡ್ 1968ರಲ್ಲಿ ಬ್ಯಾಂಜೊ ಭಾಗಗಳಿಂದ ಶುರುವಾಗಿ, ಮುಂದೆ ಗಿಟಾರ್ ರಿಪೇರಿಯವರ ಖಾಯಂ ಅಂಗಡಿಯಾಯಿತು. ಲ್ಯಾರಿ ಡಿಮಾರ್ಜಿಯೊ 1972ರ ಹೊತ್ತಿಗೆ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಹಳೆಯ ಪಿಕಪ್ ತೆಗೆದು ಹಾಕಿಕೊಳ್ಳಬಹುದಾದ ಹೊಸ ಪಿಕಪ್ ಮಾರತೊಡಗಿದರು. ಇಂದು ಗಿಟಾರ್ ಕಂಪನಿಯೆಂದೇ ಹೆಸರಾಗಿರುವ ಶೆಕ್ಟರ್ 1976ರಲ್ಲಿ ಹುಟ್ಟಿದ್ದು ಬಿಡಿಭಾಗದ ಅಂಗಡಿಯಾಗಿ. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಬಾಡಿಯನ್ನೂ ನೆಕ್ಕನ್ನೂ ಬಿಡಿಯಾಗಿ ಕೊಂಡು, ಹಳೆಯ ಗಿಬ್ಸನ್ ಗಿಟಾರಿನ ಪಿಕಪ್ ಕಿತ್ತು ಜೋಡಿಸಿಕೊಂಡ ಗಿಟಾರಿನ ಸದ್ದು 1978ರ ಅವರ ತಂಡದ ಮೊದಲ ಆಲ್ಬಮ್ಮಿನಲ್ಲಿ ಕೇಳಿಸಿದ ಮೇಲೆ, ಬಿಡಿಭಾಗ ಕೂಡಿಸಿ ಗಿಟಾರ್ ಕಟ್ಟುವುದು ಬಡವರ ಉಪಾಯ ಎಂಬ ಮಾತು ನಿಂತಿತು. ಕಾನೂನೂ ಈ ವ್ಯಾಪಾರಕ್ಕೆ ಒತ್ತಾಸೆಯಾಯಿತು. ಸ್ಟ್ರಾಟೋಕ್ಯಾಸ್ಟರ್, ಟೆಲಿಕ್ಯಾಸ್ಟರ್ ಬಾಡಿಗಳ ಆಕಾರ ತನಗೆ ಮಾತ್ರ ಸೇರಿದ್ದೆಂದು ಫೆಂಡರ್ ಕಂಪನಿ ಟ್ರೇಡ್‌ಮಾರ್ಕ್ ಕೇಳಿತ್ತು. ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 2009ರಲ್ಲಿ ಅದನ್ನು ನಿರಾಕರಿಸಿತು. ಅಷ್ಟು ವರ್ಷ ಎಲ್ಲರೂ ಮಾಡಿ ಮಾರಿದ ಆಕಾರ ಒಬ್ಬರದಾಗಿ ಉಳಿದಿಲ್ಲ ಎಂದಿತು. ನೆಕ್ಕಿನ ತುದಿಯ ಆಕಾರದ ಹಕ್ಕು ಮಾತ್ರ ಕಂಪನಿಯ ಕೈಯಲ್ಲೇ ಇದೆ.

ಇಷ್ಟೆಲ್ಲ ಸಲೀಸಾಗಿದ್ದರೆ ತೊಂದರೆ ಎಲ್ಲಿ? ಇಂಚು ಮತ್ತು ಮಿಲಿಮೀಟರಿನ ನಡುವೆ. ಅಮೆರಿಕದ ಕಾರ್ಖಾನೆಗಳು ಇಂಚಿನಲ್ಲಿ ಕೊರೆದವು. 1970ರ ದಶಕದಿಂದ ಜಪಾನ್, ಆಮೇಲೆ ಕೊರಿಯಾ, ಇಂಡೋನೇಷ್ಯಾ, ಚೀನಾಗಳು ಅದೇ ಗಿಟಾರನ್ನು ಮಿಲಿಮೀಟರಿನಲ್ಲಿ ಕೊರೆದವು. ನೋಡಲು ಅವಳಿಜವಳಿ, ಅಳೆದರೆ ಬೇರೆ ಬೇರೆ. ವಾಲ್ಯೂಮ್ ತಿರುಗಿಸುವ ಪಾಟ್ ತೆಗೆದುಕೊಳ್ಳಿ. ಅಮೆರಿಕದ ಪಾಟಿನ ಕತ್ತು ಮುಕ್ಕಾಲು ಇಂಚಿನ ಅರ್ಧ, ಅಂದರೆ ಸುಮಾರು 9.5 ಮಿಲಿಮೀಟರ್ ದಪ್ಪ. ಏಷ್ಯಾದ ಅಗ್ಗದ ಗಿಟಾರುಗಳಲ್ಲಿ ತೂತು ಅದಕ್ಕಿಂತ ಸಣ್ಣದು, ಪಾಟ್ ಒಳಗೇ ಹೋಗುವುದಿಲ್ಲ. ತೂತು ದೊಡ್ಡದು ಮಾಡಿ ಕೂರಿಸಿದಿರಿ ಎನ್ನಿ, ಈಗ ಹಳೆಯ ನಾಬ್ ಕೂರುವುದಿಲ್ಲ. ಪಾಟಿನ ತುದಿಯ ಸುತ್ತ ಸಣ್ಣ ಹಲ್ಲುಗಳಿರುತ್ತವೆ. ಅಮೆರಿಕದ್ದರಲ್ಲಿ 24, ಮಿಲಿಮೀಟರ್ ಅಳತೆಯದ್ದರಲ್ಲಿ 18. ಒತ್ತಿ ಕೂರಿಸಲು ಹೋದರೆ ಪ್ಲಾಸ್ಟಿಕ್ ನಾಬ್ ಟಪ್ಪನೆ ಸೀಳುತ್ತದೆ. ಕೀಗಳದ್ದೂ ಇದೇ ಪಾಡು: ಹಳೇ ಮಾದರಿಯ ಕೀಗೆ ಸುಮಾರು 8.7 ಮಿಲಿಮೀಟರ್ ತೂತು, ಈಗಿನ ಮುಚ್ಚಿದ ಕೀಗೆ 10 ಮಿಲಿಮೀಟರ್. ದೊಡ್ಡ ತೂತಿಗೆ ಸಣ್ಣ ಕೀ ಹಾಕಲು ನಡುವೆ ಕೂರುವ ಲೋಹದ ಬಳೆ ಸಿಗುತ್ತದೆ. ಸಣ್ಣ ತೂತಿಗೆ ದೊಡ್ಡ ಕೀ ಹಾಕಬೇಕಾದರೆ ಮರವನ್ನು ಕೊರೆಯಲೇಬೇಕು, ಕೊರೆದ ಮರ ವಾಪಸು ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಅಲುಗುವ ಬ್ರಿಡ್ಜಿನಲ್ಲಿ. ಅದನ್ನು ಬಾಡಿಗೆ ಹಿಡಿದಿಡುವ ಆರು ಸ್ಕ್ರೂಗಳಲ್ಲಿ ಮೊದಲನೆಯದರ ನಡುವಿನಿಂದ ಆರನೆಯದರ ನಡುವಿಗೆ ಹಳೆಯ ಅಮೆರಿಕನ್ ಅಳತೆ ಸುಮಾರು 56 ಮಿಲಿಮೀಟರ್. ಏಷ್ಯಾದ ಎಷ್ಟೋ ಗಿಟಾರುಗಳಲ್ಲಿ 52.5, ಕೆಲವದರಲ್ಲಿ 54. ನಾಲ್ಕು ಮಿಲಿಮೀಟರ್ ತಾನೇ ಎಂದುಕೊಂಡರೆ ಹಳೆಯ ತೂತುಗಳಿಗೆ ಮರದ ಬೆಣೆ ಹೊಡೆದು ಹೊಸದಾಗಿ ಕೊರೆಯಬೇಕಾಗುತ್ತದೆ. ಅಷ್ಟು ಮಾಡಿದರೂ ತಂತಿಗಳು ಅಗಲವಾಗಿ ಹರಡಿಕೊಂಡು, ಕಿರುತಂತಿ ಫ್ರೆಟ್ಟಿನ ಅಂಚಿನಿಂದ ಜಾರುತ್ತಿರುತ್ತದೆ. ಇದನ್ನೆಲ್ಲ ತಪ್ಪಿಸಲು ಬೇಕಾದದ್ದು ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ಹತ್ತು ನಿಮಿಷ. ಹಳೆಯ ಭಾಗವನ್ನು ಬಿಚ್ಚಿ, ತೂತಿನ ಅಗಲ, ಸ್ಕ್ರೂಗಳ ನಡುವಿನ ದೂರ, ಬಾಡಿಯ ದಪ್ಪ ಬರೆದುಕೊಂಡು, ಮಾರುವವರು ಕೊಟ್ಟ ನಕ್ಷೆಯ ಜೊತೆ ಹೋಲಿಸಿ ನೋಡಬೇಕು. ನಕ್ಷೆ ಕೊಡದೆ ‘ಎಲ್ಲ ಗಿಟಾರಿಗೂ ಆಗುತ್ತದೆ’ ಎಂದು ಬರೆದಿರುವ ಸಾಮಾನನ್ನು ಮುಟ್ಟಲೇಬಾರದು. ಎಲ್ಲ ಗಿಟಾರಿಗೂ ಆಗುವ ಬ್ರಿಡ್ಜ್ ಇಲ್ಲ.

ಅಳತೆ ಗೊತ್ತಿದ್ದರೆ ಏನನ್ನಾದರೂ ತರಿಸಬಹುದೇ? ಇಲ್ಲ. ನೆಕ್ ಇದಕ್ಕೆ ಒಳ್ಳೆಯ ಉದಾಹರಣೆ. ಬುಡದ ಅಗಲ ಸುಮಾರು 56 ಮಿಲಿಮೀಟರ್, ತಂತಿಯ ಉದ್ದ 25.5 ಇಂಚು ಎಂದು ಹೊಂದಿಸಿ ತರಿಸಿದರೆ ಅದು ಗಿಟಾರಿಗೆ ಕೂರುತ್ತದೆ, ಶ್ರುತಿಯೂ ಸರಿಯಿರುತ್ತದೆ. ಅಂಗೈಗೆ ಒಪ್ಪುತ್ತದೆಯೇ ಎಂಬುದನ್ನು ಯಾವ ನಕ್ಷೆಯೂ ಹೇಳದು. ಹಿಂಬದಿಯ ದುಂಡು, ಅಂಚಿನ ನುಣುಪು, ವಾರ್ನಿಷ್ ಕೈಗೆ ಅಂಟುವ ಬಗೆ, ಇವು ನುಡಿಸಿದವರಿಗೇ ಗೊತ್ತಾಗಬೇಕು. ತಂತಿಗಳು ಹಾದುಹೋಗುವ ನಟ್ ಎಂಬ ಪುಟ್ಟ ಪಟ್ಟಿಯೂ ಹೀಗೆಯೇ: ಅಗಲ ಸರಿಯಿರುವುದನ್ನು ತರಿಸಬಹುದು, ಆದರೆ ಗೀರುಗಳ ಆಳವನ್ನು ಆ ಗಿಟಾರಿನ ಮೇಲೇ ಅರ ಹಿಡಿದು ತಿದ್ದಬೇಕು, ಒಂದು ಎಳೆ ಹೆಚ್ಚು ಉಜ್ಜಿದರೆ ತಂತಿ ಫ್ರೆಟ್ಟಿಗೆ ತಾಗಿ ಜುಮ್ಮೆನ್ನುತ್ತದೆ. ಗಿಬ್ಸನ್ ಲೆಸ್ ಪಾಲ್ ಥರದ ಅಂಟು ಹಾಕಿದ ನೆಕ್ಕಿನ ಗಿಟಾರಿಗಂತೂ ನೆಕ್ ತರಿಸುವ ಮಾತೇ ಇಲ್ಲ. ಅವುಗಳ ತಂತಿಯ ಉದ್ದವನ್ನು 24.75 ಇಂಚು ಎಂದು ಹೇಳುವುದು ರೂಢಿ, ಅಳೆದರೆ ತುಸು ಕಡಿಮೆಯೇ ಬರುತ್ತದೆ. ಹೆಸರಿಗೆ ಹೇಳುವ ಅಳತೆಯನ್ನೂ ನಂಬದೆ ಅಳೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

‘ಹೆಸರಾಂತ ಕಂಪನಿಯ ಭಾಗ ಹಾಕಿದರೆ ಸದ್ದೇ ಬದಲಾಗುತ್ತದೆ, ಬರೀ ಅಳತೆ ಹಿಡಿದು ಕೂತರೆ ಹೇಗೆ?’ ಎಂದು ಕೇಳುವವರಿದ್ದಾರೆ. ಪಿಕಪ್ ವಿಷಯದಲ್ಲಿ ಅವರ ಮಾತು ನಿಜ. ಕಾಂತದ ಬಗೆ, ತಾಮ್ರದ ತಂತಿಯ ಸುತ್ತುಗಳು ಬದಲಾದರೆ ನಾದ ಬದಲಾಗುತ್ತದೆ. ಆದರೆ ಅದೇ ವಾದವನ್ನು ಕೀ, ಸ್ವಿಚ್, ಪಾಟ್‌ಗಳಿಗೂ ಎಳೆದು ಮಾರುತ್ತಾರಲ್ಲ, ಅಲ್ಲಿ ಅನುಮಾನ ಪಡಬೇಕು. ಒಂದೇ ಕಾಯಿಲ್ ಪಿಕಪ್ಪಿಗೆ 250 ಕಿಲೋಓಮ್, ಎರಡು ಕಾಯಿಲಿನ ಹಂಬಕರ್ ಪಿಕಪ್ಪಿಗೆ 500 ಕಿಲೋಓಮ್ ಪಾಟ್ ಹಾಕುವುದು ವಾಡಿಕೆ, ಆ ವ್ಯತ್ಯಾಸ ಕಿವಿಗೆ ಕೇಳಿಸುತ್ತದೆ. ಸಾಮಾನ್ಯ ಪಾಟುಗಳಲ್ಲಿ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುಕಡಿಮೆ ಇರುವುದನ್ನು ತಯಾರಕರೇ ಒಪ್ಪುತ್ತಾರೆ. 500 ಎಂದು ಮುದ್ರಿಸಿದ್ದು 400ರಿಂದ 600ರೊಳಗೆ ಎಷ್ಟಾದರೂ ಇರಬಹುದು. ಹಾಗಿರುವಾಗ ಹೆಸರಿಗೆ ದುಪ್ಪಟ್ಟು ಕೊಡುವುದಕ್ಕಿಂತ, ಬಂದ ಪಾಟನ್ನು ಮಲ್ಟಿಮೀಟರಿನಲ್ಲಿ ಅಳೆದು ಹಾಕುವುದು ಜಾಣತನ. ನಕಲಿ ಮಾಲಿನ ಭಯ ಹೆಚ್ಚಾಗಿ ಕಾಡುವುದೂ ಈ ಹೆಸರಿನ ಮೋಹದಿಂದಲೇ. ಖ್ಯಾತ ಪಿಕಪ್ ಬೇಕೇ ಬೇಕು ಎನ್ನುವವರು ಕಂಪನಿಯೇ ಪಟ್ಟಿ ಮಾಡಿದ ಮಾರಾಟಗಾರರಲ್ಲಿ ಕೊಳ್ಳಲಿ. ಉಳಿದ ಸಾಮಾನಿಗೆ ಅಳತೆ ಸರಿಯಿದ್ದು, ಲೋಹ ಗಟ್ಟಿಯಿದ್ದರೆ ಸಾಕು.

ನಮ್ಮ ದೇಶದಿಂದ ಆರ್ಡರ್ ಮಾಡುವವರಿಗೆ ಇನ್ನೊಂದು ಲೆಕ್ಕವೂ ಇದೆ. ಹೊರದೇಶದ ಸಾಮಾನಿನ ಮೇಲಿನ ಕಸ್ಟಮ್ಸ್ ಸುಂಕವನ್ನು ಸಾಮಾನಿನ ಬೆಲೆಗೆ ಸಾಗಣೆ ಖರ್ಚನ್ನೂ ಕೂಡಿಸಿ ಹಾಕುತ್ತಾರೆ, ಅದರ ಮೇಲೆ ಜಿಎಸ್‌ಟಿ. ಒಂದು ಸ್ವಿಚ್ಚಿಗೆಂದು ತರಿಸಿದರೆ ಕೋಣಕ್ಕಿಂತ ಹಗ್ಗವೇ ದುಬಾರಿ. ಅಳತೆ ತಪ್ಪಿ ವಾಪಸು ಕಳಿಸಬೇಕಾಗಿ ಬಂದರೆ ಆ ಖರ್ಚಿನಲ್ಲಿ ಇನ್ನೊಂದೇ ಬರುತ್ತದೆ. ಮರದ ಭಾಗಗಳಿಗೆ ಸುಂಕದ ಜೊತೆ ಅರಣ್ಯದ ಕಾನೂನೂ ಸೇರುತ್ತದೆ, ಇಲ್ಲಿ ಕರ್ನಾಟಕಕ್ಕೆ ನೇರ ಸಂಬಂಧವಿದೆ. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಬೀಟೆಯೇ ಲೋಕಕ್ಕೆಲ್ಲ ಪರಿಚಿತವಾದ ಇಂಡಿಯನ್ ರೋಸ್‌ವುಡ್. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ಕಡಿವಾಣ ಹಾಕಿದ ಮೇಲೆ, 1969ರ ಹೊತ್ತಿಗೆ ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಗಿಟಾರುಗಳಿಗೆ ಈ ಮರಕ್ಕೆ ಬದಲಾಯಿಸಿತು, ಉಳಿದವರೂ ಹಿಂಬಾಲಿಸಿದರು. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿದಾಗ ಎದ್ದ ಜಗಳಗಳಲ್ಲಿ ಒಂದು, ಭಾರತದಿಂದ ಬಂದ, ಫ್ರೆಟ್ ಕೂರಿಸುವ ಫಿಂಗರ್‌ಬೋರ್ಡ್ ಪಟ್ಟಿಗಳು ಸಿದ್ಧವಾದ ವಾದ್ಯಭಾಗವೋ ಅಥವಾ ಬರೀ ಕೊಯ್ದ ಮರವೋ ಎಂಬುದು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಳಿವಿನಂಚಿನ ಜೀವಿಗಳ ವ್ಯಾಪಾರದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. ಗಡಿ ದಾಟುವ ವ್ಯಾಪಾರಕ್ಕೆ ಪರವಾನಗಿ ಬೇಕಾಯಿತು, ಫೆಂಡರ್ ತನ್ನ ಮೆಕ್ಸಿಕೋ ಗಿಟಾರುಗಳಿಗೆ ಪಾವ್ ಫೆರ‍್ರೊ ಎಂಬ ಬೇರೆ ಮರ ಹಾಕತೊಡಗಿತು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೂ ಸಿದ್ಧ ವಾದ್ಯಭಾಗಗಳಿಗೂ ವಿನಾಯಿತಿ ಸಿಕ್ಕಿದೆ. ಪೂರ್ತಿ ತಯಾರಾದ ನೆಕ್ ತರಿಸಲು ಆ ತೊಡಕಿಲ್ಲ. ಕೊರೆಯದ, ಫ್ರೆಟ್ ಹಾಕದ ಬರೀ ಮರದ ಪಟ್ಟಿಗೆ ಕಾಗದಪತ್ರ ಬೇಕಾಗಬಹುದು.

ಕೊನೆಯ ಆಕ್ಷೇಪ ಊರಿನ ರಿಪೇರಿಯವರ ಪರವಾದದ್ದು: ಎಲ್ಲರೂ ಅಂಚೆಯಲ್ಲಿ ತರಿಸಿದರೆ ಅವರ ಗತಿ ಏನು? ಅವರ ಸಂಪಾದನೆ ಇರುವುದು ಕೈಕೆಲಸದಲ್ಲಿ. ನಟ್ ಉಜ್ಜುವುದು, ಫ್ರೆಟ್ ಸಮ ಮಾಡುವುದು, ಬೆಸುಗೆ ಹಾಕುವುದು ಪೊಟ್ಟಣದಲ್ಲಿ ಬರುವುದಿಲ್ಲ. ಬದಲಿಗೆ, ಬೆಂಗಳೂರಿನಿಂದ ದೂರದ ಊರಿನಲ್ಲಿ ‘ಸಾಮಾನು ಸಿಗುವುದಿಲ್ಲ’ ಎಂದು ಗಿಟಾರ್ ವಾಪಸು ಕಳಿಸಬೇಕಾಗಿದ್ದವರಿಗೆ ಈಗ ಕೆಲಸ ಸಿಗುತ್ತದೆ. ಆರ್ಡರ್ ಮಾಡುವ ಮುಂಚೆಯೇ ಅವರಲ್ಲಿಗೆ ಹೋಗಿ ಅಳತೆ ತೆಗೆಸಿ, ಅದಕ್ಕೂ ಮಜೂರಿ ಕೊಡಿ. ಗಿಟಾರ್ 1950-60ರ ದಶಕದ್ದಾಗಿದ್ದರೆ ಒಂದು ಸ್ಕ್ರೂವನ್ನೂ ಬಿಚ್ಚುವ ಮುಂಚೆ ತಿಳಿದವರನ್ನು ಕೇಳಿ. ಅಂಥವುಗಳಲ್ಲಿ ಮೂಲ ಭಾಗ ಇದ್ದರೇ ಬೆಲೆ. ಮಾಮೂಲಿ ಗಿಟಾರಾದರೂ ತೆಗೆದ ಭಾಗಗಳನ್ನು ಎಸೆಯಬೇಡಿ. ಸ್ಕ್ರೂ ಸಮೇತ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅಳತೆ ಬರೆದ ಚೀಟಿಯನ್ನೂ ಸೇರಿಸಿ ಕೇಸಿನಲ್ಲಿಡಿ. ಗಿಟಾರನ್ನು ಮುಂದೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.