ತೂಕದ ಯಂತ್ರಕ್ಕೆ ಕಾಣದ ಬದಲಾವಣೆ

ವಾರ್ಷಿಕ ಪರೀಕ್ಷೆ ಮುಗಿಯಿತೆಂದರೆ ಲಾಲ್‌ಬಾಗಿನ ದಾರಿಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುವುವು. ಜಯನಗರ, ಬನಶಂಕರಿಗಳಿಂದ ಮುಂಜಾನೆಯೇ ಎದ್ದು ಬರುವ ಈ ತರುಣರಲ್ಲಿ ಹಲವರು ಮೂರನೆಯ ವಾರಕ್ಕೆ ಕಣ್ಮರೆಯಾಗುತ್ತಾರೆ. ಸೋಮಾರಿತನವೇ ಇದಕ್ಕೆ ಕಾರಣವೆಂದು ಹಿರಿಯರು ತೀರ್ಪು ಕೊಟ್ಟುಬಿಡುವುದುಂಟು. ನಮಗೆ ಹಾಗೆ ತೋರುವುದಿಲ್ಲ. ತಕ್ಕುದಲ್ಲದ ಉಪಕರಣದಿಂದ ಅಳೆದು, ಬಂದ ಅಳತೆಯನ್ನು ನಂಬಿ ನಿರಾಶರಾಗುವವರೇ ಇವರಲ್ಲಿ ಹೆಚ್ಚೆಂದು ನಮ್ಮ ಎಣಿಕೆ.

ಲೆಕ್ಕ ಹಾಕಿ ನೋಡೋಣ. 60 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯೊಬ್ಬನು 3 ಕಿಲೋಮೀಟರು ಬಿರುಸಾಗಿ ನಡೆದರೆ ಸ್ಥೂಲವಾಗಿ 135 ಕಿಲೋಕ್ಯಾಲೊರಿ ಶಕ್ತಿ ವ್ಯಯವಾಗುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಕಿಲೋಕ್ಯಾಲೊರಿ. ವ್ಯಯವಾದುದೆಲ್ಲವೂ ಕೊಬ್ಬಿನಿಂದಲೇ ಬಂದಿತೆಂದು ಇಟ್ಟುಕೊಂಡರೂ ಕರಗುವುದು 15 ಗ್ರಾಂ ಮಾತ್ರ. ಮನೆಗೆ ಮರಳಿ ಅರ್ಧ ಲೀಟರು ನೀರು ಕುಡಿದರೆ ತೂಕಕ್ಕೆ 500 ಗ್ರಾಂ ಸೇರುತ್ತದೆ! ನೀರು, ಉಪ್ಪು, ಊಟಗಳ ದೆಸೆಯಿಂದ ಒಂದು ಕಿಲೋಗ್ರಾಮಿನಷ್ಟು ಏರಿಳಿಯಬಲ್ಲ ದೇಹತೂಕದಲ್ಲಿ ಈ 15 ಗ್ರಾಮನ್ನು ಹುಡುಕುವುದೆಂದರೆ ಅಡಿಕೋಲಿನಿಂದ ಕೂದಲಿನ ದಪ್ಪವನ್ನು ಅಳೆಯ ಹೊರಟಂತೆ. ಪ್ರಯೋಗಶಾಲೆಯಲ್ಲಿ ಎಂದೂ ಅಂಥ ಕೆಲಸ ಮಾಡದ ವಿದ್ಯಾರ್ಥಿಯು ಮನೆಯ ತೂಕದ ಯಂತ್ರವನ್ನೇರಿದೊಡನೆ ಕಲಿತುದನ್ನೆಲ್ಲ ಮರೆಯುತ್ತಾನೆ.

ಕನ್ನಡಿಯೂ ನೆಚ್ಚತಕ್ಕುದಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ‘ಶಾಂತಲಾ’ ಕಾದಂಬರಿಯನ್ನೂ ಬರೆದ ಕೆ. ವಿ. ಅಯ್ಯರ್ ಅವರ ಕಡೆದಿಟ್ಟಂತಹ ಮೈಕಟ್ಟನ್ನು ಛಾಯಾಚಿತ್ರಗಳಲ್ಲಿ ಕಂಡು ಸಾಧನೆಗೆ ತೊಡಗಿದವನು, ಎರಡನೆಯ ವಾರ ತನ್ನ ತೋಳನ್ನು ನೋಡಿಕೊಂಡರೆ ಏನೂ ಕಾಣದು. ಆದರೂ ಬಲ ಹೆಚ್ಚಿರುತ್ತದೆ. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಕೆಲವರಿಂದ ಒಂದೇ ತೋಳಿನ ವ್ಯಾಯಾಮವನ್ನು 8 ವಾರ ಮಾಡಿಸಿದರು. ಮೊದಮೊದಲು ಹೆಚ್ಚಿದ ಬಲದ ಬಹುಪಾಲು ಸ್ನಾಯು ದಪ್ಪವಾದುದರಿಂದ ಬಂದುದಲ್ಲ. ನರಗಳು ಸ್ನಾಯುವನ್ನು ಹೆಚ್ಚು ಸಮರ್ಥವಾಗಿ ದುಡಿಸತೊಡಗಿದುದರಿಂದ ಬಂದುದು. ಸುಮ್ಮನಿದ್ದ ಇನ್ನೊಂದು ತೋಳಿಗೂ, ಗಾತ್ರ ಬೆಳೆಯದೆಯೇ, ಬಲ ಬಂದಿತ್ತೆಂಬುದು ಸ್ವಾರಸ್ಯದ ಸಂಗತಿ.

ಅಭ್ಯಾಸವು 21 ದಿನಗಳಲ್ಲಿ ಮೈಗೂಡುತ್ತದೆಂಬ ಮಾತಿಗೂ ಆಧಾರ ಸಾಲದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅದಕ್ಕೆ ಹಿಡಿಯುವ ಕಾಲ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನ. ನಡುವಣ ಬೆಲೆ 66. ಮಧ್ಯೆ ಒಂದು ದಿನ ತಪ್ಪಿದುದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ಮಳೆಯ ಮುಂಜಾನೆಯೊಂದು ಹಾಸಿಗೆಯಲ್ಲೇ ಕಳೆಯಿತೆಂದು ಎಲ್ಲವನ್ನೂ ಕೈಬಿಡುವವರು ಇದನ್ನು ಗಮನಿಸಬೇಕು.

ಹಾಗಾದರೆ ಅಳೆಯಬೇಕಾದುದೇನು? ನಾಡಿ. ಏದುಸಿರು ಬರುವಷ್ಟು ದಿನವೂ ಶ್ರಮಿಸುವವರಲ್ಲಿ ರಕ್ತದ ದ್ರವಭಾಗವು ಮೊದಲ ಒಂದೆರಡು ವಾರಗಳಲ್ಲೇ ಹೆಚ್ಚತೊಡಗುತ್ತದೆ. ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುವುದರಿಂದ ಅದೇ ಕೆಲಸಕ್ಕೆ ಕಡಿಮೆ ಬಡಿತಗಳು ಸಾಕಾಗುತ್ತವೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವಿರುವ ಬಂಡೆ ಈ ಪ್ರಯೋಗಕ್ಕೆ ತಕ್ಕ ಸ್ಥಳ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಎರಡು ತಿಂಗಳಲ್ಲಿ ಎತ್ತರ ಬದಲಾದೀತೆಂಬ ಭಯವಿಲ್ಲ! ದೂರದ ಜೆ.ಪಿ. ನಗರದವರಿಗೆ ಮನೆಯ ಮಹಡಿ ಮೆಟ್ಟಿಲುಗಳೇ ಆಗಬಹುದು. ವಾರಕ್ಕೊಮ್ಮೆ, ತಿಂಡಿಗೆ ಮೊದಲು, ಒಂದೇ ವೇಗದಲ್ಲಿ ಏರಿ, ಮೇಲೆ ತಲಪಿದೊಡನೆ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ 4ರಿಂದ ಗುಣಿಸಬೇಕು. ಎಣಿಕೆಯಲ್ಲಿ ಒಂದು ಬಡಿತ ತಪ್ಪಿದರೂ ಫಲದಲ್ಲಿ 4ರ ವ್ಯತ್ಯಾಸ ಬರುವುದರಿಂದ, ಅಷ್ಟು ಇಳಿಯಿತೆಂದು ಹಿಗ್ಗುವುದೂ ಏರಿತೆಂದು ಕುಗ್ಗುವುದೂ ಸಲ್ಲದು. ಏಳೆಂಟು ವಾರಗಳ ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದ ಬಳಿಕ ರೇಖೆಯು ಯಾವ ಕಡೆಗೆ ಬಾಗಿದೆಯೆಂದು ನೋಡಬಹುದು.